ತಿರುಗದೆ ಬಂದ ಕೊಡ

ನಮ್ಮ ಊರಿನಲ್ಲಿ ಮಾತಾಡಿದರೆ ನೂಲು ಬರುತ್ತದೆ. ತುಟಿಯಿಂದ ಮಾತು ಹೊರಬಿದ್ದ ಕೂಡಲೇ ಅದರ ಬೆನ್ನಿಗೇ ಒಂದು ಎಳೆ ಇಳಿಯುತ್ತದೆ. ಸಣ್ಣ ಮಾತಿಗೆ ಸಣ್ಣ ಎಳೆ, ದೊಡ್ಡ ಮಾತಿಗೆ ದೊಡ್ಡ ಎಳೆ. ತಿಳಿದು ಆಡಿದ ಮಾತು ನೂಲಾಗಿ ನಿಲ್ಲುತ್ತದೆ, ಸುಮ್ಮಸುಮ್ಮನೆ ಆಡಿದ್ದು ಅರಳೆಯಾಗಿ ಉದುರುತ್ತದೆ. ಸಂತೆಯ ದಿನ ಸಂಜೆ ನಮ್ಮ ಪೇಟೆಬೀದಿಯಲ್ಲಿ ಮೊಣಕಾಲುದ್ದ ಅರಳೆ ಬಿದ್ದಿರುತ್ತದೆ. ನಮ್ಮ ಊರಿನವರು ಎಂಥವರೆಂದು ತಿಳಿಯಲು ಅಷ್ಟು ಸಾಕು. ಅದನ್ನೆಲ್ಲ ಗುಡಿಸುವುದಕ್ಕೆ ಎತ್ತರದ ಒಬ್ಬ ಹೆಂಗಸಿದ್ದಾಳೆ. ಅವಳು ಮಾತಾಡುವುದಿಲ್ಲ. ಅವಳನ್ನು ಗುಡಿಸುವವಳು ಎಂದೇ ಎಲ್ಲರೂ ಕರೆಯುತ್ತಾರೆ.

ನಮ್ಮ ಶಾಲೆಯ ಅಂಗಳದ ನಡುವೆ ಒಂದು ಬಾವಿಯಿದೆ. ದಿನವೂ ಕುಡಿಯುವುದಕ್ಕೆ ಹೊಳೆಯ ನೀರಿದೆ, ಬಾವಿಯ ನೀರು ಅದಕ್ಕಲ್ಲ. ವರ್ಷದ ಕೊನೆಗೆ ಬಾವಿಯ ದಿನ ಬರುತ್ತದೆ. ಆ ದಿನ ಪ್ರತಿಯೊಂದು ತರಗತಿಯ ಮಕ್ಕಳೂ ವರ್ಷವಿಡೀ ತಮ್ಮ ಪಾಠದ ಮಾತಿನಿಂದ ಹೊಸೆದ ಹಗ್ಗವನ್ನು ತರಬೇಕು, ಅದಕ್ಕೆ ಕೊಡ ಕಟ್ಟಿ ಇಳಿಸಬೇಕು, ನೀರು ಸೇದಬೇಕು. ಆ ನೀರು ಒಂದು ಗುಟುಕು ಕುಡಿದವರು ಮುಂದಿನ ತರಗತಿಗೆ ಹೋಗುತ್ತಾರೆ. ನಮ್ಮ ಅಜ್ಜಂದಿರೂ ಹೀಗೇ ಓದಿದರು, ಅವರ ಅಜ್ಜಂದಿರೂ ಹೀಗೇ ಓದಿದರು.

ಕೊಡ ಮೇಲೆ ಬರುವಾಗ ತಿರುಗುತ್ತದೆ. ಗಿರಗಿರನೆ ತಿರುಗುತ್ತದೆ, ನೀರನ್ನು ಸುತ್ತಲೂ ಚೆಲ್ಲುತ್ತದೆ, ಕಟ್ಟೆಗೆ ಬರುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ಕೊಡ ಎಂದಮೇಲೆ ತಿರುಗಲೇಬೇಕು ಎಂದು ಹಿರಿಯರು ಹೇಳುತ್ತಾರೆ. ಹೇಳಿ ಸುಮ್ಮನಿರುವುದಿಲ್ಲ, ಕೊಡ ತಿರುಗಲು ಶುರುವಾದೊಡನೆ ತಾವೂ ನಿಂತಲ್ಲೇ ತಿರುಗುತ್ತಾರೆ. ಊರಗೌಡರು ತಿರುಗುತ್ತಾರೆ, ಗೌಡರ ಪೇಟದ ಸೆರಗು ತಿರುಗುತ್ತದೆ, ಮುದುಕಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ತಿರುಗುತ್ತಾರೆ. ಅದು ಬಾವಿಗೆ ಮಾಡುವ ಮರ್ಯಾದೆಯಂತೆ. ನೀರು ವರ್ಷವರ್ಷಕ್ಕೆ ಕಡಿಮೆಯಾಗುತ್ತ ಬಂದು, ಗುಟುಕು ಎಂದರೆ ಈಗ ನಾಲಿಗೆ ಒದ್ದೆಯಾಗುವಷ್ಟು ಮಾತ್ರ.

ಹೊರಗಿನಿಂದ ಬಂದವರಿಗೆ ನಮ್ಮ ಊರಿನಲ್ಲಿ ಒಂದು ಕಟ್ಟಳೆಯಿದೆ. ಅವರ ನಾಲಿಗೆ ಇನ್ನೂ ಕಾಯಿ, ಅದರ ನೂಲನ್ನು ಹಗ್ಗಕ್ಕೆ ಸೇರಿಸುವಂತಿಲ್ಲ. ಬಾವಿಯ ದಿನದೊಳಗೆ ನಮ್ಮ ಊರ ಮಾತಿನಲ್ಲಿ ಒಂದು ಇಡೀ ಎಳೆ ಕೊಟ್ಟರೆ ಸರಿ. ಕೊಡದಿದ್ದರೆ ಅವರು ಮಾಗುಮನೆಗೆ ಹೋಗಬೇಕು. ಮಾಗುಮನೆ ಊರ ಅಂಚಿನಲ್ಲಿದೆ. ಅಲ್ಲಿ ಮಾವಿನಕಾಯಿ ಹಣ್ಣು ಮಾಡುವ ಹಾಗೆ ಹುಲ್ಲು ಹಾಸಿ, ಬಾಗಿಲು ಹಾಕಿ, ಮಕ್ಕಳನ್ನು ಕೂರಿಸುತ್ತಾರೆ. ಒಳಗೆ ಯಾರೂ ಮಾತಾಡಬಾರದು, ಕಾಯಿ ಮಾತು ತಾಗಿದರೆ ಹಣ್ಣು ಮಾತು ಕೆಡುತ್ತದಂತೆ. ನಾಲಿಗೆ ತಾನಾಗಿ ಮಾಗುವ ತನಕ ಕಾಯಬೇಕು. ಗುಡಿಸುವವಳು ಅಲ್ಲಿಂದಲೇ ಬಂದವಳು. ಒಳಗೆ ಹೋದಾಗ ನಮ್ಮಷ್ಟೇ ಇದ್ದಳಂತೆ, ಹೊರಗೆ ಬರುವಾಗ ಬಾಗಿಲಿನಲ್ಲಿ ತಲೆ ಬಗ್ಗಿಸಬೇಕಾಯಿತಂತೆ.

ಒಂದು ವರ್ಷ ನಮ್ಮ ತರಗತಿಗೆ ಹೊಸಬಳು ಬಂದಳು.

ಹೊಳೆಯಾಚೆಯಿಂದ ಬಂದವಳು. ಅವಳ ಅಪ್ಪ ಕೈಹಿಡಿದು ತಂದು ಬಿಟ್ಟ. ಏನೋ ಹೇಳಬೇಕೆಂದು ಬಾಯಿ ತೆರೆದ, ತಲೆಯಾಡಿಸಿದ, ಅವಳ ನೆತ್ತಿಯ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದ. ಹೊಸಬರು ಕೂರುವುದು ಬಾಗಿಲ ಬಳಿಯ ಚಾಪೆಯ ಮೇಲೆ. ಅವಳು ಅಲ್ಲಿ ಕೂತಳು. ತುಟಿ ಬಿಗಿಹಿಡಿದಿದ್ದಳು, ಕಣ್ಣು ಮಾತ್ರ ಎಲ್ಲರ ಮೇಲೂ ಓಡಾಡುತ್ತಿತ್ತು.

ಆಗ ನಮಗೆ ಪಾಠ ಹೇಳುವ ಅಕ್ಕೋರು ಒಳಗೆ ಬಂದರು. ದಿನವೂ ಅವರು ಹೊಸಿಲ ಮೇಲೆ ನಿಂತು, "ಏನ ತಂದೀರಿ?" ಎಂದು ಕೇಳುತ್ತಾರೆ. ನಾವು ಒಟ್ಟಿಗೆ, "ನೂಲು ತಂದೀವ್ರಿ" ಎನ್ನುತ್ತೇವೆ. ಪಾಠ ಶುರುವಾಗುವುದು ಹೀಗೆ, ಬಾವಿಯ ದಿನ ಕಟ್ಟೆಯ ಮೇಲೆ ಕೇಳುವುದೂ ಇದನ್ನೇ. ಅಂದು ಅಕ್ಕೋರು ಕೇಳಿದರು, ನಾವು ಹೇಳಿದೆವು. ಆಮೇಲೆ ಅವರು ಕಾಲ ಬಳಿ ನೋಡಿದರು, ಚಾಪೆ ಕಂಡಿತು, ಚಾಪೆಯ ಮೇಲೆ ಹುಡುಗಿ ಕಂಡಳು.

"ಬಾಗಲದಾಗ ಚಪ್ಪಲಿ ಇಡ್ತಾರ, ಮಕ್ಕಳನ್ನ ಅಲ್ಲ" ಎಂದರು ಅಕ್ಕೋರು. ಹುಡುಗಿಯನ್ನು ಎಬ್ಬಿಸಿ, ಚಾಪೆಯನ್ನು ಕಂಕುಳಲ್ಲಿ ಹಿಡಿದು, ನಮ್ಮ ಸಾಲಿನ ಮಧ್ಯಕ್ಕೆ ತಂದು ಹಾಸಿದರು. ಹಾಗೆ ಯಾರೂ ಮಾಡಿದ್ದನ್ನು ನಾವು ಕಂಡಿರಲಿಲ್ಲ. ನಮಗೆ ಹೆದರಿಕೆಯಾಯಿತು, ಖುಷಿಯೂ ಆಯಿತು.

ಅವಳ ಪಕ್ಕಕ್ಕೆ ಅಕ್ಕೋರು ಬಾಯಿಬಡಕಿಯನ್ನು ಕೂರಿಸಿದರು. ನಮ್ಮ ತರಗತಿಯ ಬಾಯಿಬಡಕಿ ಕೂತ ಜಾಗದಲ್ಲಿ ಮಧ್ಯಾಹ್ನದೊಳಗೆ ಒಂದು ದಿಂಬು ತುಂಬುವಷ್ಟು ಅರಳೆ ಬೀಳುತ್ತಿತ್ತು.

"ನಾನಾ?" ಎಂದಳು ಬಾಯಿಬಡಕಿ. "ಆಕಿಗೆ ನನ್ನ ಮಾತು ತಿಳಿಯಂಗಿಲ್ರಿ ಅಕ್ಕೋರೆ."

"ಅದಕ್ಕ ಹೇಳಿದ್ದು. ನಿನ್ನ ಬಾಯಿಗೆ ಇಷ್ಟ ದಿನ ಕೆಲಸ ಇರಲಿಲ್ಲ, ಈಗ ಕೊಟ್ಟೀನಿ. ತಿಳಿಯೂ ಹಂಗ ಹೇಳು."

ಅಕ್ಕೋರ ಪಾಠವೇ ಬದಲಾಯಿತು. ಉಪ್ಪಿನ ಪಾಠಕ್ಕೆ ಉಪ್ಪು ಬಂತು, ಎಲ್ಲರ ನಾಲಿಗೆಯ ಮೇಲೂ ಒಂದೊಂದು ಹರಳು. ಗಾಳಿಯ ಪಾಠಕ್ಕೆ ಬೀಸಣಿಗೆ ಬಂತು. ಹೊಳೆಯ ಪಾಠಕ್ಕೆ ಅಕ್ಕೋರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಈ ಗೋಡೆಯಿಂದ ಆ ಗೋಡೆಯವರೆಗೆ ಹೊಳೆ ಬರೆದರು, ನಾವು ಅದರೊಳಗೆ ಸಾಲಾಗಿ ನಡೆದೆವು. ಹೊಸಬಳು ನಮ್ಮ ಹಿಂದೆ ನಡೆದಳು, ದಡ ಬಂದಾಗ ಲಂಗ ಎತ್ತಿಕೊಂಡು ಹಾರಿದಳು. ಹೊಳೆ ಎಂದರೇನೆಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಿಜ ಹೇಳಬೇಕೆಂದರೆ ನಮಗೂ ಆ ವರ್ಷವೇ ಪಾಠ ತಲೆಗೆ ಹತ್ತಿದ್ದು. ನಮ್ಮ ಅರಳೆ ಕಡಿಮೆಯಾಯಿತು, ನೂಲು ಜಾಸ್ತಿಯಾಯಿತು.

ಎಲ್ಲಕ್ಕಿಂತ ವಿಚಿತ್ರವೆಂದರೆ ಅಕ್ಕೋರು ಕಾಯುತ್ತಿದ್ದರು. ಪ್ರಶ್ನೆ ಕೇಳಿ ಬಾಯಿ ಮುಚ್ಚಿ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದರು. ನಮ್ಮ ಊರಿನಲ್ಲಿ ಯಾರಾದರೂ ಸುಮ್ಮನಾದರೆ ಇನ್ನೊಬ್ಬರು ಆ ಜಾಗಕ್ಕೆ ಗಬಕ್ಕನೆ ಮಾತು ತುಂಬುತ್ತಾರೆ. ಕಾಯುವುದು ನಮಗೆ ಮಗ್ಗಿಗಿಂತ ಕಷ್ಟವಾಯಿತು. ಬಾಯಿಬಡಕಿಯಂತೂ ಎರಡು ಕೈಯಿಂದಲೂ ಬಾಯಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಆದರೂ ಕಲಿತೆವು. ಅಕ್ಕೋರು ಕೇಳುತ್ತಿದ್ದರು, ನಾವು ಕಾಯುತ್ತಿದ್ದೆವು, ಹೊಸಬಳ ತುಟಿ ಅಲುಗುತ್ತಿತ್ತು, ನೂಲು ಮಾತ್ರ ಬರುತ್ತಿರಲಿಲ್ಲ.

ತಿಂಗಳಿಗೊಮ್ಮೆ ಕತ್ತರಿಯವರು ಬರುತ್ತಿದ್ದರು. ಕೊರಳಲ್ಲಿ ಕತ್ತರಿ ತೂಗುಹಾಕಿಕೊಂಡು ಎಲ್ಲ ತರಗತಿಗಳ ಹಗ್ಗವನ್ನೂ ಬೆರಳಿನಿಂದ ಸವರಿ ನೋಡುವುದು, ಬೇರೆ ಎಳೆ ಸೇರಿದ್ದರೆ ಕತ್ತರಿಸಿ ತೆಗೆಯುವುದು ಅವರ ಕೆಲಸ. ಕೆಟ್ಟವರೇನಲ್ಲ. ಬಂದಾಗಲೆಲ್ಲ ನಮಗೆ ಬೆಲ್ಲದ ಚೂರು ಕೊಡುತ್ತಿದ್ದರು, ಹೊಸಬಳಿಗೆ ಒಂದು ಚೂರು ಹೆಚ್ಚು ಕೊಟ್ಟರು.

"ಈ ಹುಡುಗಿ ಎಳೆ ಎಲ್ಲೈತಿ?" ಎಂದು ಕೇಳಿದರು.

"ಇನ್ನೂ ಬಂದಿಲ್ರಿ" ಎಂದರು ಅಕ್ಕೋರು.

"ಬಾವಿ ದಿನ ಹತ್ತರ ಬಂತು. ಮಾಗುಮನ್ಯಾಗ ಹುಲ್ಲು ಹಾಸಾಕ ಹೇಳಿರ್ತೀನಿ. ಹಸಿ ಹುಲ್ಲು ಬ್ಯಾಡ, ಒಣಾ ಹುಲ್ಲ ಹಾಕಸ್ತೀನಿ, ಮೆತ್ತಗ ಇರತೈತಿ."

ಅವರು ಹೋದಮೇಲೆ ಹೊಸಬಳು ಬಾಯಿಬಡಕಿಯ ಮುಖ ನೋಡಿದಳು. ಬಾಯಿಬಡಕಿಯ ಮುಖ ಬಿಳುಚಿತ್ತು. ತಿಳಿಯುವ ಹಾಗೆ ಹೇಳು ಎಂದು ಅಕ್ಕೋರು ಹೇಳಿದ್ದರಲ್ಲ, ಬಾಯಿಬಡಕಿ ನೆಲದ ಮೇಲೆ ಒಂದು ಮನೆ ಬರೆದಳು, ಬಾಗಿಲು ಬರೆದಳು, ಬಾಗಿಲಿಗೆ ಅಗುಳಿ ಬರೆದಳು. ಒಳಗೆ ಹುಲ್ಲಿನ ಮೇಲೆ ಒಬ್ಬ ಸಣ್ಣ ಹುಡುಗಿಯನ್ನು ಬರೆದಳು, ಅವಳಿಗೆ ಬಾಯಿ ಬರೆಯಲಿಲ್ಲ. ಹೊಸಬಳು ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಸುಣ್ಣದ ಕಡ್ಡಿ ಕಿತ್ತುಕೊಂಡು ಆ ಹುಡುಗಿಗೆ ತಾನೇ ಬಾಯಿ ಬರೆದಳು.

ಮಾರನೆಯ ದಿನ ಬೀಜದ ಪಾಠವಿತ್ತು. ಅಕ್ಕೋರು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಅವರೆಕಾಳು ತಂದಿದ್ದರು. ಬಟ್ಟೆ ಬಿಚ್ಚುವ ಮೊದಲು ಕೇಳಿದರು, "ಕಾಳು ಒಡದ ಕೂಡ್ಲೆ ಮೊದಲ ಹೊರಗ ಬರೂದು ಯಾವದು? ಮ್ಯಾಲ ಹೋಗೂದೋ, ಕೆಳಗ ಹೋಗೂದೋ?" ಕೈಯಿಂದ ಮೇಲೆ ತೋರಿಸಿದರು, ಕೆಳಗೆ ತೋರಿಸಿದರು. ನಾವೆಲ್ಲ ಮೇಲೆ ಎಂದೆವು. ನಮ್ಮ ಬಾಯಿಂದ ಬುಸ್ಸೆಂದು ಅರಳೆ ಬಿತ್ತು.

ಅಕ್ಕೋರು ಕಿಟಕಿಯ ಕಡೆ ತಿರುಗಿದರು. ನಾವು ಕಾದೆವು.

ಹೊಸಬಳು ಎದ್ದು ನಿಂತಳು. ನಿಂತವಳು ಮಾತಾಡಿದಳು. ಅವಳ ಊರಿನ ಮಾತು, ಒಂದೇ ಉಸಿರಿಗೆ, ಕೈಯನ್ನು ಕೆಳಗೆ ಚಾಚಿ, ಬೆರಳುಗಳನ್ನು ಮಣ್ಣಿನೊಳಗೆ ತೂರಿಸುವ ಹಾಗೆ ಅಲುಗಿಸುತ್ತ ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನೆಲ್ಲ ಹೇಳಿದಳು. ಹೇಳಿದ ಹಾಗೆಲ್ಲ ಅವಳ ತುಟಿಯಿಂದ ನೂಲು ಇಳಿಯಿತು. ಹಸಿ ಅರಿಶಿನದ ಬಣ್ಣದ ನೂಲು, ಒಂದು ಚೂರೂ ಅರಳೆಯಿಲ್ಲ, ಇಳಿದು ಇಳಿದು ಚಾಪೆಯ ಮೇಲೆ ಸುರುಳಿಯಾಗಿ ಬಿತ್ತು. ಇವಳ ಹತ್ತಿರ ಮಾತೇ ಇಲ್ಲವೆಂದುಕೊಂಡಿದ್ದೆವು, ಇವಳ ಹತ್ತಿರ ನಮ್ಮೆಲ್ಲರಿಗಿಂತ ಹೆಚ್ಚಿತ್ತು.

ಬಾಯಿಬಡಕಿ ನೂಲು ಸುತ್ತುವ ಕಡ್ಡಿ ಹಿಡಿದು ಅದನ್ನು ಸುತ್ತಲು ಹೋದಳು. ಸುತ್ತಿದಷ್ಟೂ ಬಿಚ್ಚಿಕೊಂಡಿತು. ನಮ್ಮ ನೂಲಿನ ಹುರಿ ಬಲಕ್ಕೆ, ಆ ನೂಲಿನ ಹುರಿ ಎಡಕ್ಕೆ. ಅವಳು ಮತ್ತೆ ಸುತ್ತಿದಳು, ಅದು ಮತ್ತೆ ಬಿಚ್ಚಿತು. ಅಷ್ಟರಲ್ಲಿ ಅಕ್ಕೋರು ಒದ್ದೆ ಬಟ್ಟೆ ಬಿಚ್ಚಿದರು. ಪ್ರತಿಯೊಂದು ಕಾಳಿನ ಕೆಳಗೂ ಒಂದು ಬಿಳಿ ಬಾಲ ಇಣುಕಿತ್ತು, ಮೇಲೆ ಏನೂ ಇರಲಿಲ್ಲ. ಬಾಯಿಬಡಕಿ ಕಡ್ಡಿ ಬಿಟ್ಟು ಒಂದು ಕಾಳನ್ನು ಹೊಸಬಳ ಅಂಗೈಯಲ್ಲಿಟ್ಟು ಆ ಬಾಲವನ್ನು ತೋರಿಸಿದಳು.

"ಬೇರು" ಎಂದಳು ಮೆಲ್ಲಗೆ. "ಬೇರು ಮೊದಲ ಬರತೈತಿ."

ಹೊಸಬಳು ಕಾಳನ್ನು ನೋಡುತ್ತ ತನ್ನ ಮಾತಿನಲ್ಲಿ ಏನೋ ಅಂದುಕೊಂಡಳು. ಅರಿಶಿನದ ಎಳೆ ಇಳಿಯಿತು. ಆಮೇಲೆ, "ಬೇರು" ಎಂದಳು, "ಮೊದಲ." ನಮ್ಮ ನೂಲಿನ ಹಾಗೇ ಬಿಳಿಯಾದ, ಗಂಟುಗಂಟಾದ, ಗೇಣುದ್ದದ ಎಳೆ ಇಳಿಯಿತು. ಇಳಿದ ಬಿಳಿ ಎಳೆ ಸುಮ್ಮನಿರಲಿಲ್ಲ. ಯಾರ ಕೈಯೂ ತಾಗದೆ ಅರಿಶಿನದ ಎಳೆಯನ್ನು ಸುತ್ತಿಕೊಂಡಿತು, ಅದು ಇದನ್ನು ಸುತ್ತಿಕೊಂಡಿತು. ಬಾಯಿಬಡಕಿ ತುದಿ ಹಿಡಿದು ಎತ್ತಿದಳು. ಬಿಚ್ಚಲಿಲ್ಲ. ಜಗ್ಗಿದಳು, ಬಿಚ್ಚಲಿಲ್ಲ. ನಾವೆಲ್ಲ ಸೇರಿ ಜಗ್ಗಿದೆವು, ಆಗಲೂ ಬಿಚ್ಚಲಿಲ್ಲ. ಅಕ್ಕೋರು ನೆಲದ ಮೇಲೆ ಕೂತುಬಿಟ್ಟರು. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ಮುಂದೆ ನಮ್ಮನ್ನು ಹಿಡಿಯುವವರಿರಲಿಲ್ಲ. ಬೆಳಗಾದರೆ ಶಾಲೆಗೆ ಓಡುತ್ತಿದ್ದೆವು, ಊಟಕ್ಕೆ ಬಿಟ್ಟರೂ ಏಳುತ್ತಿರಲಿಲ್ಲ. ಅಕ್ಕೋರು ಕೇಳುತ್ತಿದ್ದರು, ಹೊಸಬಳು ಮೊದಲು ತನ್ನ ಮಾತಿನಲ್ಲಿ ಹೇಳಿಕೊಳ್ಳುತ್ತಿದ್ದಳು, ನಾವು ಕಾಯುತ್ತಿದ್ದೆವು, ಆಮೇಲೆ ಅವಳು ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಅರಿಶಿನದ ಎಳೆ, ಬಿಳಿ ಎಳೆ, ಅರಿಶಿನದ ಎಳೆ, ಬಿಳಿ ಎಳೆ. ನಾವೂ ಅವಳ ಮಾತನ್ನು ಆಡಿ ನೋಡಿದೆವು. ನಮ್ಮ ಬಾಯಿಂದ ಬಂದ ಅರಿಶಿನದ ನೂಲು ಕೋಳಿ ಕೆದರಿದ ಹಾಗಿತ್ತು. ಅದನ್ನು ಕಂಡು ಹೊಸಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. ಅವಳನ್ನು ನಗಿಸಲೆಂದೇ ನಾವು ಇನ್ನಷ್ಟು ಕೆಟ್ಟದಾಗಿ ಮಾತಾಡಿದೆವು. ಆ ನೂಲನ್ನೂ ಹಗ್ಗಕ್ಕೆ ಹೊಸೆದೆವು.

ಬಾವಿಯ ದಿನ ಬಂತು. ಕಟ್ಟೆಯ ಸುತ್ತ ಇಡೀ ಊರು ಸೇರಿತ್ತು. ಹೊಸಬಳ ಅಪ್ಪ ಎಲ್ಲರ ಹಿಂದೆ ನಿಂತಿದ್ದ. ಗುಡಿಸುವವಳು ಪೊರಕೆ ಹಿಡಿದು ಇನ್ನೂ ಹಿಂದೆ, ಗೋಡೆಗೆ ಒರಗಿದ್ದಳು. ಉಳಿದ ತರಗತಿಗಳ ಹಗ್ಗ ಇಳಿಯಿತು, ಕೊಡ ತಿರುಗಿತು, ಊರು ತಿರುಗಿತು, ಮಕ್ಕಳ ನಾಲಿಗೆ ಒದ್ದೆಯಾಯಿತು. ಕೊನೆಗೆ ನಮ್ಮ ಸರದಿ.

ನಾವು ಹಗ್ಗ ಹೊತ್ತು ತಂದೆವು. ಬಿಸಿಲಿನಲ್ಲಿ ಅರಿಶಿನವೂ ಬಿಳಿಯೂ ಹೊಳೆಯಿತು. ಜನ ಗುಜುಗುಜು ಎಂದರು. ಕತ್ತರಿಯವರು ಕೊರಳಿನ ಕತ್ತರಿ ಕೈಗೆ ತೆಗೆದುಕೊಂಡರು.

"ಅಕ್ಕೋರೆ, ಇದೇನ ಮಾಡೀರಿ? ಕಟ್ಟಳೆ ನಿಮಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಕತ್ತರಸ್ರಿ" ಎಂದರು ಅಕ್ಕೋರು. "ಎಲ್ಲಿ ಅಂತ ನೀವ ಹುಡುಕ್ರಿ."

ಕತ್ತರಿಯವರು ಹಗ್ಗದ ಮೇಲೆ ಬಗ್ಗಿದರು. ಬಿಳಿ ಎಳೆಯನ್ನು ಬಿಡಿಸಲು ಹೋದರೆ ಅರಿಶಿನದ್ದು ಬಿಗಿಯಿತು, ಅರಿಶಿನದ್ದನ್ನು ಬಿಡಿಸಲು ಹೋದರೆ ಬಿಳಿ ಬಿಗಿಯಿತು. ಈ ತುದಿಯಿಂದ ಆ ತುದಿಯವರೆಗೆ ಹೋದರು, ಆ ತುದಿಯಿಂದ ಈ ತುದಿಗೆ ಬಂದರು. ಅವರ ಹಣೆಯಲ್ಲಿ ಬೆವರು ಬಂತು. ಒಂದನ್ನು ಕತ್ತರಿಸಿದರೆ ನಮ್ಮ ಇಡೀ ವರ್ಷವೇ ತುಂಡಾಗುತ್ತಿತ್ತು. ಕೊನೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೊಸಬಳ ಕಡೆ ನೋಡಿದರು.

"ಆಕಿ ಒಬ್ಬಾಕೀನ ಬರಲಿ. ಕಟ್ಟೀ ಮ್ಯಾಲ ನಿಂತು ನಮ್ಮ ಮಾತಿನ್ಯಾಗ ಒಂದ ಇಡೀ ಎಳೀ ಕೊಡಲಿ. ಕೊಟ್ಟರ ಹಗ್ಗ ಇಳಸ್ರಿ. ಕೊಡದಿದ್ರ ಆಕಿ ಮಾಗುಮನಿಗೆ, ಹಗ್ಗ ಒಲಿಗೆ."

ಹೊಸಬಳು ಕಟ್ಟೆ ಹತ್ತಿದಳು.

"ಏನ ತಂದಿ?" ಎಂದು ಕೇಳಿದರು ಕತ್ತರಿಯವರು.

ಅವಳು ಸುಮ್ಮನೆ ನಿಂತಳು. ಊರಿಗೆ ಸುಮ್ಮನಿರುವುದು ಗೊತ್ತಿಲ್ಲ. ಗೌಡರು ಕೆಮ್ಮಿದರು, ಮುದುಕಿಯೊಬ್ಬಳು, "ನೂಲು ಅನ್ನವಾ, ನೂಲು ಅನ್ನು" ಎಂದು ಶುರುಮಾಡಿದಳು, ಅಲ್ಲಿ ಇಲ್ಲಿ ಅರಳೆ ಹಾರಿತು. ಆಗ ಬಾಯಿಬಡಕಿ ಊರಿನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ನಾವೆಲ್ಲ ಬೆರಳಿಟ್ಟೆವು. ಬಾಯಿಬಡಕಿಯೇ ಬಾಯಿ ಮುಚ್ಚು ಎಂದಮೇಲೆ ಗೌಡರೂ ಮುಚ್ಚಬೇಕಾಯಿತು. ಅಕ್ಕೋರು ಕಿಟಕಿಯಿಲ್ಲದ ಕಡೆಯೂ ಕಿಟಕಿಯಿದ್ದ ಹಾಗೆ ದೂರ ನೋಡುತ್ತ ನಿಂತರು. ಇಡೀ ಊರು ಕಾದು ನಿಂತಿತು.

ಹೊಸಬಳು ಕಣ್ಣು ಮುಚ್ಚಿ ತನ್ನ ಮಾತಿನಲ್ಲಿ ಏನೋ ಪಿಸುಗುಟ್ಟಿದಳು. ಆಮೇಲೆ ಕಣ್ಣು ತೆರೆದಳು. ನೂಲು ತಂದೀನಿ ಎಂದು ಹೇಳಬೇಕಿತ್ತು, ವರ್ಷವಿಡೀ ಬೆಳಬೆಳಗ್ಗೆ ಅದನ್ನು ಕೇಳಿದ್ದಳು. ಅವಳು ಅದನ್ನು ಹೇಳಲಿಲ್ಲ.

"ನಾ" ಎಂದಳು. "ನಾ ಎರಡು ತಂದೀನ್ರಿ."

ಎಳೆ ಇಳಿಯಿತು. ಬಿಳಿ ಎಳೆ. ಗಂಟಿತ್ತು, ಆದರೆ ಇಡೀ ಎಳೆ. ಕತ್ತರಿಯವರು ಅದನ್ನು ಅಂಗೈಯ ಮೇಲೆ ಹಿಡಿದು ನೋಡಿದರು, ಎರಡು ಬೆರಳಿನ ನಡುವೆ ಸವರಿ ನೋಡಿದರು, ಕತ್ತರಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

"ಇಳಸ್ರಿ" ಎಂದರು.

ಹಗ್ಗ ಇಳಿಯಿತು. ಇಳಿಯಿತು, ಇಳಿಯಿತು, ಎಂದೂ ಯಾವ ಹಗ್ಗವೂ ಮುಟ್ಟದ ಆಳಕ್ಕೆ ಇಳಿಯಿತು. ಕೆಳಗೆಲ್ಲೋ ಕೊಡ ಗುಳುಂ ಎಂದಿತು. ನಾವು ಜಗ್ಗಿದೆವು. ರಾಟೆ ಕೂಗಿತು. ಕೊಡದ ಬಾಯಿ ಕತ್ತಲಿನಿಂದ ಮೇಲೆ ಬರುವುದು ಕಂಡೊಡನೆ ಊರು ರೂಢಿಯಂತೆ ತಿರುಗಲು ಶುರುಮಾಡಿತು. ಗೌಡರು ತಿರುಗಿದರು, ಪೇಟದ ಸೆರಗು ತಿರುಗಿತು, ಮುದುಕಿಯರು ತಿರುಗಿದರು. ಕೊಡ ತಿರುಗಲಿಲ್ಲ. ಒಂದು ಹುರಿ ಬಲಕ್ಕೆ ಎಳೆದರೆ ಇನ್ನೊಂದು ಎಡಕ್ಕೆ ಎಳೆಯಿತು, ಕೊಡ ನೆಟ್ಟಗೆ, ಅಲುಗದೆ, ತುಂಬಿದ್ದು ತುಂಬಿದ ಹಾಗೇ ಮೇಲೆ ಬಂತು. ಅದನ್ನು ನೋಡಿದವರು ಒಬ್ಬೊಬ್ಬರಾಗಿ ನಿಂತರು. ಗೌಡರು ನೋಡಿದ್ದು ಎಲ್ಲರಿಗಿಂತ ಕೊನೆಗೆ, ತಲೆ ಸುತ್ತಿ ಕಟ್ಟೆಯ ಮೇಲೆ ಕೂತರು.

ನಾವು ಕುಡಿದೆವು. ಗುಟುಕಲ್ಲ, ಬೊಗಸೆ ಬೊಗಸೆ ಕುಡಿದೆವು, ಮುಖ ತೊಯ್ಯಿಸಿಕೊಂಡೆವು, ಗಂಟಲು ತಂಪಾಗಿ ನಗು ಬಂತು. ಹೊಸಬಳ ಅಪ್ಪ ಮುಂದೆ ಬಂದು ಅವಳ ನೆತ್ತಿಯ ಮೇಲೆ ಕೈಯಿಟ್ಟ, ಈ ಸಲ ಕೈ ತೆಗೆಯಲಿಲ್ಲ. ಕತ್ತರಿಯವರೂ ಒಂದು ಬೊಗಸೆ ಕೇಳಿ ಕುಡಿದರು. ಆದರೂ ಕೊಡದಲ್ಲಿ ನೀರು ಉಳಿಯಿತು. ನಮ್ಮ ಊರಿನ ಬಾವಿಯ ದಿನ ನೀರು ಉಳಿದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅದನ್ನು ಏನು ಮಾಡಬೇಕೆಂದು ಯಾವ ಕಟ್ಟಳೆಯೂ ಹೇಳಿರಲಿಲ್ಲ.

ಹೊಸಬಳು ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನಡೆದಳು. ಗೋಡೆಯ ಹತ್ತಿರ ಹೋಗಿ ನಿಂತಳು. ಗುಡಿಸುವವಳು ಪೊರಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಹೊಸಬಳು ತಲೆಯೆತ್ತಿ ಅವಳ ಮುಖ ನೋಡಿ, ನಮ್ಮ ಊರ ಮಾತಿನಲ್ಲಿ ಕೇಳಿದಳು.

"ಏನ ತಂದೀರಿ?"

ಗುಡಿಸುವವಳು ಪೊರಕೆ ಕೆಳಗಿಟ್ಟಳು. ಬಗ್ಗಿ ಬೊಗಸೆಯೊಡ್ಡಿ ನೀರು ಕುಡಿದಳು. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸುಮ್ಮನೆ ನಿಂತಳು. ಯಾರೂ ಅವಸರಪಡಿಸಲಿಲ್ಲ. ನೆರಳು ಗೋಡೆಯಿಂದ ಅಂಗಳಕ್ಕೆ ಇಳಿಯುವವರೆಗೂ ನಾವು ಕಾದೆವು. ಆಮೇಲೆ ಅವಳ ತುಟಿ ಬಿಟ್ಟಿತು. ನಮಗೂ ತಿಳಿಯದ, ಹೊಸಬಳಿಗೂ ತಿಳಿಯದ ಒಂದು ಮಾತು ಬಂತು, ಅದರ ಬೆನ್ನಿಗೆ ನೇರಳೆ ಬಣ್ಣದ ಒಂದು ಎಳೆ ಇಳಿಯಿತು.

ಬಾಯಿಬಡಕಿ ಆಗಲೇ ನೂಲು ಸುತ್ತುವ ಕಡ್ಡಿ ಹಿಡಿದುಕೊಂಡು ಅವಳ ಕಾಲ ಬಳಿ ಕೂತಿದ್ದಳು.